ಚಿನ್ನದ ಮೇಲೆ ಕೆಂಪು: ಆಂಡಿಸ್‌ನ ಸಮಾಧಿ ಮುಖವಾಡಗಳು

ಪರದೆಯ ಮೇಲಿರುವ ಈ ಮುಖವನ್ನು ಸ್ವಲ್ಪ ಹೊತ್ತು ನೋಡಿ. ಎತ್ತರಕ್ಕಿಂತ ಅಗಲ ಜಾಸ್ತಿ. ಕಣ್ಣಿನ ಹೊರತುದಿಗಳು ರೆಕ್ಕೆಯ ಹಾಗೆ ಮೇಲಕ್ಕೆ ಚೂಪಾಗಿ ಎದ್ದಿವೆ. ಮೂಗು ಮುಂದಕ್ಕೆ ಚಾಚಿದೆ. ಎರಡೂ ಬದಿಗೆ ದೊಡ್ಡ ಕಿವಿ, ಕಿವಿಯಲ್ಲಿ ದುಂಡನೆಯ ಬಿಲ್ಲೆ. ಇದನ್ನು ಮಾಡಿರುವುದು ಚಿನ್ನದ ತಗಡಿನಿಂದ. ಈಗ ಹೇಳಿ, ನಿಮ್ಮ ಕಣ್ಣಿಗೆ ಮೊದಲು ಬಿದ್ದ ಬಣ್ಣ ಯಾವುದು?

ಕೆಂಪು. ಮುಂದಿನ ಸಾಲಿನವರು ಸರಿಯಾಗಿ ಹೇಳಿದಿರಿ. ಕಣ್ಣಿನ ಭಾಗ ಬಿಟ್ಟರೆ ಹೆಚ್ಚು ಕಡಿಮೆ ಇಡೀ ಮುಖಕ್ಕೆ ಕೆಂಪು ಬಳಿದಿದ್ದಾರೆ. ಇಷ್ಟು ಚಿನ್ನ ಹಾಕಿ, ಇಷ್ಟು ಕಷ್ಟಪಟ್ಟು ತಗಡು ಬಡಿದು, ಕೊನೆಗೆ ಅದರ ಹೊಳಪನ್ನೇ ಬಣ್ಣದ ಕೆಳಗೆ ಮುಚ್ಚಿಬಿಟ್ಟಿದ್ದಾರೆ. ಯಾಕೆ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ ಪ್ರಶ್ನೆಯ ಬಗ್ಗೆ. ದಕ್ಷಿಣ ಅಮೆರಿಕದ ಆಂಡಿಸ್‌ನ ಸಮಾಧಿ ಮುಖವಾಡಗಳನ್ನು ನಾವೆಲ್ಲ ಚಿನ್ನದ ಕಣ್ಣಿನಿಂದ ನೋಡಿ ರೂಢಿಯಾಗಿದೆ. ಮಾಡಿದವರು ಹಾಗೆ ನೋಡಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು, ಇದು ಯಾರದ್ದು? ಪೆರು ಅಂದ ಕೂಡಲೇ ನಮಗೆ ಇಂಕಾ ನೆನಪಾಗುತ್ತದೆ. ಆದರೆ ಇಂಕಾ ಸಾಮ್ರಾಜ್ಯ ನಡೆದದ್ದು ಸುಮಾರು 100 ವರ್ಷ ಮಾತ್ರ. 1532ರಲ್ಲಿ ಸ್ಪೇನ್‌ನವರು ಬಂದಾಗ ಅದು ಇನ್ನೂ ಹೊಸ ರಾಜ್ಯ. ಈ ಮುಖವಾಡ ಅದಕ್ಕಿಂತ 400–500 ವರ್ಷ ಹಳೆಯದು. ಪೆರುವಿನ ಉತ್ತರ ಕರಾವಳಿಯಲ್ಲಿ, ಲಂಬಾಯೆಕೆ ಪ್ರದೇಶದಲ್ಲಿ ಬಾಳಿದ ಸಿಕಾನ್ ಜನರದ್ದು. ಕೆಲವರು ಅವರನ್ನು ಲಂಬಾಯೆಕೆ ಸಂಸ್ಕೃತಿ ಅಂತಲೇ ಕರೆಯುತ್ತಾರೆ. ಅವರ ಏಳಿಗೆಯ ಕಾಲ ಕ್ರಿ.ಶ. 900ರಿಂದ 1100.

ಆ ಕರಾವಳಿ ಮರಳುಗಾಡು. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಆಂಡಿಸ್ ಬೆಟ್ಟಸಾಲು. ಬೆಟ್ಟದಿಂದ ಇಳಿದು ಬರುವ ಚಿಕ್ಕ ಚಿಕ್ಕ ನದಿಗಳ ದಡದಲ್ಲಿ ಮಾತ್ರ ಹಸಿರು. ಅಂಥ ಒಂದು ನದಿ ಲಾ ಲೆಚೆ. ಅದರ ದಡದಲ್ಲಿ ಪೋಮಾಕ್ ಅನ್ನುವ ಒಣ ಕಾಡಿದೆ. ಅಲ್ಲಿರುವುದು ಅಲ್ಗರೋಬೋ ಮರಗಳು. ನಮ್ಮ ಬಳ್ಳಾರಿ ಜಾಲಿ ಇದೆಯಲ್ಲ, ಅದೇ ಕುಲದ ಮರ. ಬಳ್ಳಾರಿ ಜಾಲಿ ಕೂಡ ಮೂಲತಃ ಅಮೆರಿಕ ಖಂಡದ್ದೇ, ನಮ್ಮಲ್ಲಿಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಈ ಮರದ ವಿಷಯಕ್ಕೆ ಆಮೇಲೆ ಬರುತ್ತೇನೆ. ಕುಲುಮೆಯ ಕತೆಯಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ.

ಆ ಕಾಡಿನ ನಡುವೆ ಗುಡ್ಡಗಳ ಹಾಗೆ ಕಾಣುವ ದಿಬ್ಬಗಳಿವೆ. ನಿಜಕ್ಕೂ ಅವು ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಗುಡಿ-ಪಿರಮಿಡ್‌ಗಳು. ಮಳೆ ಕೊಚ್ಚಿ ಕೊಚ್ಚಿ ಆಕಾರ ಕಳೆದುಕೊಂಡಿವೆ. ಇಂಥ ಪವಿತ್ರ ಜಾಗಕ್ಕೆ ಅಲ್ಲಿನವರು ವಾಕಾ ಅನ್ನುತ್ತಾರೆ. ನಮ್ಮ ಮುಖವಾಡ ಸಿಕ್ಕಿದ್ದು ವಾಕಾ ಲೋರೋ ಅನ್ನುವ ಪಿರಮಿಡ್‌ನ ಬುಡದಲ್ಲಿ.

ಅಗೆದವರು ಇಸುಮಿ ಶಿಮಾದ. ಜಪಾನ್ ಮೂಲದ ಪುರಾತತ್ವಜ್ಞ, ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. 1978ರಿಂದ ಈ ಪ್ರದೇಶದಲ್ಲಿ ಕೆಲಸ ಶುರು ಮಾಡಿದರು. 1991–92ರಲ್ಲಿ ವಾಕಾ ಲೋರೋದ ಪೂರ್ವ ಸಮಾಧಿಯನ್ನು ತೆರೆದರು. ನೆಲದಿಂದ 10 ಮೀಟರ್‌ಗೂ ಹೆಚ್ಚು ಆಳ. ತಳದಲ್ಲಿ ಸುಮಾರು 3 ಮೀಟರ್ ಉದ್ದ, 3 ಮೀಟರ್ ಅಗಲದ ಒಂದು ಕೋಣೆ. ಅದರಲ್ಲಿ ಇಟ್ಟಿದ್ದ ವಸ್ತುಗಳ ಒಟ್ಟು ತೂಕ ಸುಮಾರು 1.2 ಟನ್. ಹೆಚ್ಚಿನ ಪಾಲು ಲೋಹ. ಮಣಿಗಳೇ ಸುಮಾರು 75 ಕೆಜಿ. ಈಕ್ವೆಡಾರ್‌ನ ಬೆಚ್ಚಗಿನ ಸಮುದ್ರದಿಂದ ತಂದ ಮುಳ್ಳುಚಿಪ್ಪುಗಳು. ಚಿನ್ನದ ಗರಿಗಳಿರುವ ಕಿರೀಟ. ಕೈಗೆ ಚಿನ್ನದ ಗವಸು.

ಆದರೆ ಆ ರಾಶಿಯನ್ನು ಸ್ವಲ್ಪ ಪಕ್ಕಕ್ಕಿಡಿ. ನಾನು ನಿಮ್ಮ ಗಮನ ಸೆಳೆಯಬೇಕಾದದ್ದು ಕೋಣೆಯ ನಡುವೆ ಇದ್ದ ಮನುಷ್ಯನ ಕಡೆಗೆ. ನಡುವಯಸ್ಸಿನ ಗಂಡಸು. ಮೈಗೆಲ್ಲ ಕೆಂಪು ಬಳಿದಿದ್ದರು. ಅವನನ್ನು ಕೂತ ಭಂಗಿಯಲ್ಲಿ, ತಲೆಕೆಳಗಾಗಿ ಇಟ್ಟಿದ್ದರು. ಹೌದು, ಸರಿಯಾಗೇ ಕೇಳಿಸಿಕೊಂಡಿರಿ. ಕಾಲು ಮೇಲೆ, ಹೆಗಲು ಕೆಳಗೆ. ಆದರೆ ತಲೆ ಮಾತ್ರ ಹಾಗಿರಲಿಲ್ಲ. ತಲೆಯನ್ನು ಬೇರೆ ಮಾಡಿ, ನೆಟ್ಟಗೆ ತಿರುಗಿಸಿ ಇಟ್ಟಿದ್ದರು. ಆ ತಲೆಗೆ ಈ ಕೆಂಪು ಮುಖವಾಡ. ಪಕ್ಕದಲ್ಲಿ ಇಬ್ಬರು ಯುವತಿಯರ ಅಸ್ಥಿ. ಒಬ್ಬಳು ಹೆರಿಗೆಯ ಭಂಗಿಯಲ್ಲಿದ್ದಾಳೆ, ಇನ್ನೊಬ್ಬಳು ಸೂಲಗಿತ್ತಿಯ ಹಾಗೆ. ಸ್ವಲ್ಪ ಮೇಲಿನ ಹಂತದಲ್ಲಿ ಮುದುರಿ ಕೂತ ಇಬ್ಬರು ಮಕ್ಕಳು.

ಈಗ ಎಲ್ಲವನ್ನೂ ಸೇರಿಸಿ ನೋಡಿ. ತಲೆ ಕೆಳಗಾದ ದೇಹ. ಮೈತುಂಬಾ ಕೆಂಪು. ಹೆರುವವಳು, ಹೆರಿಗೆ ಮಾಡಿಸುವವಳು. ಮಗು ಹುಟ್ಟುವುದು ಹೇಗೆ? ತಲೆ ಕೆಳಗಾಗಿ, ರಕ್ತದಲ್ಲಿ ತೊಯ್ದು, ಅಲ್ವಾ? ಅಗೆದವರೂ ಇದನ್ನು ಹಾಗೆಯೇ ಓದಿದ್ದಾರೆ. ಸತ್ತ ಒಡೆಯ ಇಲ್ಲಿ ಇನ್ನೊಂದು ಸಲ ಹುಟ್ಟುತ್ತಿದ್ದಾನೆ. ಸಮಾಧಿ ಅಂದರೆ ಮುಗಿಸಿ ಮುಚ್ಚುವ ಜಾಗ ಅಂತ ನಾವು ಅಂದುಕೊಳ್ಳುತ್ತೇವೆ. ಇವರು ಮಾಡಿದ್ದು ಹೆರಿಗೆ ಕೋಣೆ. ಹಾಗೆ ಹುಟ್ಟುವವನಿಗೆ ಒಂದು ಹೊಸ ಮುಖ ಬೇಕಾಗಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಮಾಡಬೇಕು. ಸಮಾಧಿ ಮುಖವಾಡ ಅಂದ ಕೂಡಲೇ ನಮಗೆ ಈಜಿಪ್ಟಿನ ತುತಾಂಖಾಮನ್ ನೆನಪಾಗುತ್ತಾನೆ. ಆ ಎಳೆಯ ದೊರೆಯ ಚೆಲುವು, ಅವನ ಚಹರೆ ಅಂತ ಮೆಚ್ಚಿಕೊಳ್ಳುತ್ತೇವೆ. ಸಿಕಾನ್ ಮುಖವಾಡಗಳನ್ನು ಹಾಗೆ ನೋಡಿದರೆ ದಾರಿ ತಪ್ಪುತ್ತೇವೆ. ಈ ಇನ್ನೊಂದು ಚಿತ್ರ ನೋಡಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನದ್ದು. ಇದು ಪೆರುವಿನ ರಾಜಧಾನಿ ಲಿಮಾದ್ದು. ಅದೇ ಕಣ್ಣು, ಅದೇ ಅಗಲ, ಅದೇ ಬಾಯಿ. ಬೇರೆ ಬೇರೆ ಮನುಷ್ಯರಿಗಾಗಿ ಮಾಡಿದ ಮುಖವಾಡಗಳು, ಆದರೆ ಮುಖ ಒಂದೇ. ಅವರ ಮಡಕೆಗಳ ಕುತ್ತಿಗೆ ಮೇಲೂ ಇದೇ ಮುಖವಿದೆ. ಬಟ್ಟೆಯ ಮೇಲೂ, ಗೋಡೆಯ ಮೇಲೂ ಇದೆ. ಪುರಾತತ್ವಜ್ಞರು ಇದನ್ನು ಸಿಕಾನ್ ದೇವರು ಅನ್ನುತ್ತಾರೆ. ಅಂದರೆ ಮುಖವಾಡ ಆ ಒಡೆಯನ ಚಹರೆಯನ್ನು ಉಳಿಸಲಿಲ್ಲ, ಮುಚ್ಚಿತು. ಅವನ ಮುಖವನ್ನು ತೆಗೆದು ದೇವರ ಮುಖವನ್ನು ಕೊಟ್ಟಿತು. ಅವನು ಹೇಗಿದ್ದ ಅನ್ನುವುದು ಇವರಿಗೆ ಮುಖ್ಯವಾಗಿರಲಿಲ್ಲ, ಅವನು ಏನಾಗಬೇಕು ಅನ್ನುವುದಷ್ಟೇ ಮುಖ್ಯವಾಗಿತ್ತು.

ಮತ್ತೊಂದು ವಿಷಯ. ಒಬ್ಬ ಮನುಷ್ಯನಿಗೆ ಒಂದೇ ಮುಖವಾಡ ಅಂತ ಇರಲಿಲ್ಲ. ದೊಡ್ಡವರ ಸಮಾಧಿಯಲ್ಲಿ 5 ಮುಖವಾಡಗಳವರೆಗೂ ಇಡುತ್ತಿದ್ದರು. ಒಂದು ತಲೆಗೆ, ಉಳಿದವು ಕಾಲ ಬಳಿ ಒಂದರ ಮೇಲೊಂದು. ಬರೀ ಮುಖ ಮುಚ್ಚುವುದಕ್ಕಾಗಿ ಆಗಿದ್ದರೆ ಉಳಿದ ನಾಲ್ಕು ಯಾಕೆ ಬೇಕು? ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಆ ಮುಖ ಜೊತೆಗಿರುವುದೇ ಒಂದು ಶಕ್ತಿ ಅಂತ ಅವರು ನಂಬಿದ್ದಿರಬೇಕು.

ಈಗ ಲೋಹದ ಕಡೆಗೆ ಬರೋಣ. ಇದನ್ನು ಚಿನ್ನ ಅಂತ ಕರೆಯುತ್ತಿದ್ದೇನೆ, ಆದರೆ ಶುದ್ಧ ಚಿನ್ನ ಅಲ್ಲ. ಚಿನ್ನ, ಬೆಳ್ಳಿ, ತಾಮ್ರ ಮೂರೂ ಬೆರೆತ ಲೋಹ. ಅಲ್ಲಿ ಇದಕ್ಕೆ ತುಂಬಾಗಾ ಅನ್ನುತ್ತಾರೆ. ಎಷ್ಟೋ ವಸ್ತುಗಳಲ್ಲಿ ಚಿನ್ನಕ್ಕಿಂತ ಉಳಿದೆರಡರ ಪಾಲೇ ಜಾಸ್ತಿ. ಆದರೂ ಮೇಲ್ಮೈ ಅಪ್ಪಟ ಚಿನ್ನದ ಹಾಗೆ ಹೊಳೆಯುತ್ತದೆ. ಹೇಗೆ?

ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಉಜ್ಜುವುದು ನಿಮಗೆಲ್ಲ ಗೊತ್ತು. ಕಪ್ಪಾದ ತಾಮ್ರದ ಪದರವನ್ನು ಹುಳಿ ಕರಗಿಸುತ್ತದೆ. ಆಂಡಿಸ್‌ನ ಅಕ್ಕಸಾಲಿಗರು ಮಾಡಿದ್ದೂ ಇದೇ ಜಾತಿಯ ಕೆಲಸ. ಬೆರಕೆ ಲೋಹದ ಗಟ್ಟಿಯನ್ನು ಕಲ್ಲಿನ ಸುತ್ತಿಗೆಯಿಂದ ಬಡಿಯುತ್ತಾರೆ. ಆ ಸುತ್ತಿಗೆಗೆ ಹಿಡಿ ಇಲ್ಲ, ಅಂಗೈಯಲ್ಲಿ ಹಿಡಿದ ನುಣುಪು ಕಲ್ಲು ಅಷ್ಟೇ. ಬಡಿದಂತೆ ಲೋಹ ಗಡುಸಾಗುತ್ತದೆ. ಇನ್ನು ಬಡಿದರೆ ಬಿರುಕು ಬಿಡುತ್ತದೆ. ಆಗ ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಕಾಯಿಸಿದಾಗ ಮೇಲ್ಮೈಯಲ್ಲಿರುವ ತಾಮ್ರ ಗಾಳಿಯ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಅದನ್ನು ಹುಳಿ ಗುಣದ ಸಸ್ಯರಸದಿಂದಲೋ ಹಳಸಿದ ಮೂತ್ರದಿಂದಲೋ ತೊಳೆದು ತೆಗೆಯಬಹುದು. ಮತ್ತೆ ಬಡಿ, ಮತ್ತೆ ಕಾಯಿಸು, ಮತ್ತೆ ತೊಳೆ. ಪ್ರತಿ ಸುತ್ತಿನಲ್ಲೂ ಮೇಲ್ಮೈಯ ತಾಮ್ರ ಕಡಿಮೆಯಾಗುತ್ತಾ ಬರುತ್ತದೆ. ಬೆಳ್ಳಿಯನ್ನು ತೆಗೆಯಲು ಉಪ್ಪು ಮತ್ತು ಖನಿಜ ಬೆರೆಸಿದ ಲೇಪ ಹಚ್ಚಬೇಕು. ಕೊನೆಗೆ ಮೇಲ್ಮೈಯಲ್ಲಿ ಉಳಿಯುವುದು ಚಿನ್ನ ಮಾತ್ರ.

ಗಮನಿಸಿ, ಇದು ಹೊರಗಿನಿಂದ ಹಚ್ಚಿದ ಚಿನ್ನದ ಲೇಪ ಅಲ್ಲ. ಹೊರಗಿನ ಚಿನ್ನ ಒಳಗಿನಿಂದಲೇ ಬಂದದ್ದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೆದರ್ ಲೆಕ್ಟ್‌ಮನ್ ಈ ವಿದ್ಯೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಅವರು ಕೇಳಿದ ಪ್ರಶ್ನೆ ಬಹಳ ಸೊಗಸಾಗಿದೆ. ತೆಳುವಾಗಿ ಚಿನ್ನ ಹಚ್ಚುವುದು ಸುಲಭ, ಖರ್ಚೂ ಕಡಿಮೆ. ಹಾಗಿದ್ದೂ ಲೋಹದ ಒಡಲಿನೊಳಗೆ ಚಿನ್ನವನ್ನು ಬೆರೆಸಿ, ಆಮೇಲೆ ಅದನ್ನು ಹೊರಗೆ ತರುವ ಕಷ್ಟ ಯಾಕೆ? ಅವರ ಉತ್ತರ ಇದು. ಹೊರಗೆ ಕಾಣುವುದು ಒಳಗೂ ಇರಬೇಕು ಅನ್ನುವುದು ಆ ಜನರ ನಂಬಿಕೆ. ಒಳಗೆ ಇಲ್ಲದ್ದನ್ನು ಮೇಲೆ ತೋರಿಸಬಾರದು.

ಹಾಗಂತ ಎಲ್ಲರೂ ಎಲ್ಲ ಕಾಲದಲ್ಲೂ ಹೀಗೇ ಮಾಡಿದರು ಅಂತಲ್ಲ. ಸಿಕಾನ್‌ಗಿಂತ ಮುಂಚೆ ಅದೇ ಕರಾವಳಿಯಲ್ಲಿ ಮೋಚೆ ಜನರಿದ್ದರು. ಇನ್ನೂ ಉತ್ತರಕ್ಕೆ ಹೋದರೆ ಪಿಯುರಾ ಸೀಮೆಯ ಲೋಮಾ ನೆಗ್ರಾದಲ್ಲಿ ಮೋಚೆಯವರ ತಾಮ್ರದ ವಸ್ತುಗಳು ಸಿಕ್ಕಿವೆ. ಅವುಗಳ ಮೇಲಿನ ಚಿನ್ನದ ಪದರ ಎಷ್ಟು ತೆಳು ಅಂದರೆ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯಬೇಕು. ಚಿನ್ನವನ್ನು ಖನಿಜ ಲವಣಗಳ ದ್ರಾವಣದಲ್ಲಿ ಕರಗಿಸಿ, ತಾಮ್ರದ ಹಾಳೆಯನ್ನು ಅದರಲ್ಲಿ ಅದ್ದಿ ಕೂರಿಸಿದರು ಅಂತ ಲೆಕ್ಟ್‌ಮನ್ ತಂಡ ಪ್ರಯೋಗ ಮಾಡಿ ತೋರಿಸಿತು. ವಿದ್ಯುತ್ ಇಲ್ಲ, ಬ್ಯಾಟರಿ ಇಲ್ಲ. ಆದರೂ ಅದು ರಾಸಾಯನಿಕ ಲೇಪನವೇ. ಆಂಡಿಸ್‌ನ ಅಕ್ಕಸಾಲಿಗರ ಮುಂದೆ ಎರಡು ದಾರಿಗಳಿದ್ದವು, ಎರಡರಲ್ಲೂ ಅವರು ಪಳಗಿದ್ದರು.

ಈಗ ಆ ಅಲ್ಗರೋಬೋ ಮರಕ್ಕೆ ಬರುತ್ತೇನೆ. ಲೋಹದ ಕೆಲಸಕ್ಕೆ ಬೆಂಕಿ ಬೇಕು, ಬೆಂಕಿಗೆ ಇದ್ದಿಲು ಬೇಕು. ಆ ಗಟ್ಟಿ ಮರದ ಇದ್ದಿಲು ಒಳ್ಳೆಯ ಕಾವು ಕೊಡುತ್ತದೆ. ಪೋಮಾಕ್ ಸುತ್ತಮುತ್ತಲಿನ ಬಟಾನ್ ಗ್ರಾಂಡೆಯಲ್ಲಿ ಶಿಮಾದ ತಂಡಕ್ಕೆ ಚಿಕ್ಕ ಚಿಕ್ಕ ಕುಲುಮೆಗಳ ಸಾಲುಗಳು ಸಿಕ್ಕವು. ಒಂದೊಂದು ಕುಲುಮೆ ಒಂದು ಮೊಳವೂ ಇಲ್ಲ. ತಿದಿ ಇರಲಿಲ್ಲ. ಜನ ಸುತ್ತ ಕೂತು, ತುದಿಗೆ ಮಣ್ಣಿನ ಮೂತಿ ಇರುವ ಕೊಳವೆಗಳಿಂದ ಬಾಯಲ್ಲೇ ಊದುತ್ತಿದ್ದರು. ಗಂಟೆಗಟ್ಟಲೆ ಊದಬೇಕು. ಆಗ ಕಿಟ್ಟದ ನಡುವೆ ತಾಮ್ರದ ಸಣ್ಣ ಹನಿಗಳು ಸಿಕ್ಕಿಕೊಂಡಿರುತ್ತವೆ. ಕಿಟ್ಟವನ್ನು ದೊಡ್ಡ ಕಲ್ಲಿನ ಮೇಲೆ ಜಜ್ಜಿ, ಪುಡಿ ಮಾಡಿ, ಆ ಹನಿಗಳನ್ನು ಆರಿಸಬೇಕು. ಒಂದು ಸಲ ಕುಲುಮೆ ಹೊತ್ತಿಸಿದರೆ ಸಿಗುತ್ತಿದ್ದದ್ದು ಕೆಲವು ನೂರು ಗ್ರಾಂ ಮಾತ್ರ. 1.2 ಟನ್ ಅಂತ ಮೊದಲು ಹೇಳಿದೆನಲ್ಲ, ಅದರಲ್ಲಿ ಬಹುಪಾಲು ಲೋಹ ಅಂದೆ. ಆ ಲೋಹದ ಹಿಂದೆ ಎಷ್ಟು ಜನರ ಉಸಿರು ಇದೆ ಅಂತ ಯೋಚಿಸಿ. ಮ್ಯೂಸಿಯಂಗಳಲ್ಲಿ ಒಡೆಯನ ಹೆಸರಿಗೆ ಜಾಗ ಸಿಗುತ್ತದೆ. ಕುಲುಮೆ ಊದಿದವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದು ನನಗೆ ಸರಿ ಅನಿಸುವುದಿಲ್ಲ.

ಅವರ ಸಮಾಜದಲ್ಲಿ ಲೋಹವೇ ಮೆಟ್ಟಿಲು. ಎಲ್ಲರಿಗಿಂತ ಮೇಲಿನವರಿಗೆ ಚಿನ್ನದ ಪಾಲು ಜಾಸ್ತಿ ಇರುವ ಬೆರಕೆ ಲೋಹ. ಅದರ ಕೆಳಗಿನವರಿಗೆ ಚಿನ್ನದ ಬಣ್ಣ ಬಂದ ತಾಮ್ರ. ಅದಕ್ಕೂ ಕೆಳಗೆ ಬರೀ ತಾಮ್ರ. ಸಾಮಾನ್ಯ ಜನರ ಸಮಾಧಿಯಲ್ಲಿ ಸಾದಾ ಮಡಕೆ. ಬಣ್ಣದಲ್ಲೂ ಇದೇ ಲೆಕ್ಕ. ಮೇಲಿನವರಿಗೆ ಇಂಗಳೀಕ ಅನ್ನುವ ಕೆಂಪು ಖನಿಜ, ಉಳಿದವರಿಗೆ ಕೆಮ್ಮಣ್ಣು.

ಬಣ್ಣಕ್ಕೆ ಹೋಗುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಿಬರೋಣ, ಯಾಕೆಂದರೆ ಸತ್ತವರ ಮುಖಕ್ಕೆ ಲೋಹ ಇಡುವ ಪದ್ಧತಿ ಸಿಕಾನ್‌ನಿಂದ ಶುರುವಾದದ್ದಲ್ಲ. ಅರ್ಜೆಂಟೀನಾದ ವಾಯವ್ಯ ಬೆಟ್ಟಗಳಲ್ಲಿ ಒಂದು ತಾಮ್ರದ ಮುಖವಾಡ ಸಿಕ್ಕಿದೆ. ಸುಮಾರು 3000 ವರ್ಷ ಹಳೆಯದು. ಅದು 14 ಜನರನ್ನು ಒಟ್ಟಿಗೆ ಹೂತ ಜಾಗದಲ್ಲಿತ್ತು. ರಾಜರಿಲ್ಲ, ಪಿರಮಿಡ್ ಇಲ್ಲ, ಒಂದು ಚಿಕ್ಕ ಹಳ್ಳಿ. ಕಣ್ಣು, ಮೂಗು, ಬಾಯಿಗೆ ತೂತು ಕೊರೆದಿದ್ದಾರೆ. ಅಂಚಿನಲ್ಲಿ ದಾರ ಕಟ್ಟಲು ಚಿಕ್ಕ ತೂತುಗಳಿವೆ. ಲೋಹದ ವಿದ್ಯೆ ಪೆರುವಿನಲ್ಲಿ ಮಾತ್ರ ಹುಟ್ಟಿತು ಅನ್ನುವ ಮಾತನ್ನು ಇದು ಅಲುಗಾಡಿಸಿತು.

ಇನ್ನು ಮೋಚೆಯವರು. 1987ರಲ್ಲಿ ಪೆರುವಿನ ಪುರಾತತ್ವಜ್ಞ ವಾಲ್ಟರ್ ಆಲ್ವಾ ಸಿಪಾನ್‌ನಲ್ಲಿ ತೆರೆದ ಒಡೆಯನ ಸಮಾಧಿಯ ಬಗ್ಗೆ ನಿಮ್ಮಲ್ಲಿ ಕೆಲವರು ಓದಿರಬಹುದು. ಅವನ ಮುಖದ ಮೇಲೆ ಇಡೀ ಮುಖವಾಡದ ಬದಲು ಬಿಡಿ ಬಿಡಿ ತುಂಡುಗಳಿದ್ದವು. ಕಣ್ಣಿಗೆ ಚಿನ್ನದ ಕಣ್ಣು, ಮೂಗಿಗೆ ಚಿನ್ನದ ಮೂಗು, ಗಲ್ಲಕ್ಕೆ ಬೇರೆ ತಗಡು. ಕುತ್ತಿಗೆಗೆ ಕಡಲೆಕಾಯಿ ಆಕಾರದ ಹಾರ, ಒಂದು ಅರ್ಧ ಚಿನ್ನ, ಇನ್ನೊಂದು ಅರ್ಧ ಬೆಳ್ಳಿ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ ತಾನೇ. ನಮ್ಮ ಬಸವನಗುಡಿ ಪರಿಷೆಯ ಕಡಲೆಕಾಯಿಯ ಮೂಲವೂ ಆ ಖಂಡವೇ. ಮೋಚೆಯವರದ್ದೇ ಇನ್ನೊಂದು ನೆಲೆ ಎಲ್ ಬ್ರೂಹೋದಲ್ಲಿ ಸಿಕ್ಕ ಕಾವೋದ ಒಡತಿಯ ಮುಖವನ್ನು ಚಿನ್ನದ ಬಣ್ಣದ ತಾಮ್ರದ ಬಟ್ಟಲಿನಿಂದ ಮುಚ್ಚಿದ್ದರು. ಅವಳ ಕೈಗಳ ಮೇಲಿನ ಹಾವು, ಜೇಡಗಳ ಹಚ್ಚೆ ಇವತ್ತಿಗೂ ಕಾಣುತ್ತದೆ. ಅಂದರೆ ಸತ್ತ ದೊಡ್ಡವರ ಮುಖಕ್ಕೆ ಲೋಹ ಬೇಕು ಅನ್ನುವುದು ಹಳೆಯ ಮಾತು. ಆ ಲೋಹಕ್ಕೆ ಒಂದೇ ದೇವರ ಮುಖ ಕೊಟ್ಟು, ಮೇಲೆ ಕೆಂಪು ಬಳಿದದ್ದು ಸಿಕಾನ್‌ನವರ ದಾರಿ.

ಆ ಕೆಂಪು ಯಾವುದು ಅಂದರೆ ಇಂಗಳೀಕ. ಪಾದರಸ ಮತ್ತು ಗಂಧಕ ಸೇರಿದ ಖನಿಜ. ಆಂಡಿಸ್‌ನಲ್ಲಿ ಇದರ ದೊಡ್ಡ ಗಣಿ ಇರುವುದು ವಾಂಕವೆಲಿಕಾದಲ್ಲಿ, ಲಂಬಾಯೆಕೆಯಿಂದ ನೂರಾರು ಕಿಲೋಮೀಟರ್ ದಕ್ಷಿಣಕ್ಕೆ, ಎತ್ತರದ ಬೆಟ್ಟದಲ್ಲಿ. ಅಲ್ಲಿ ಕ್ರಿ.ಪೂ. 1400ರ ಸುಮಾರಿಗೇ ಇಂಗಳೀಕ ಅಗೆಯುತ್ತಿದ್ದರು ಅನ್ನುವುದಕ್ಕೆ ಹತ್ತಿರದ ಕೆರೆಗಳ ತಳದ ಕೆಸರಿನಲ್ಲಿ ಪಾದರಸದ ಗುರುತು ಸಿಕ್ಕಿದೆ. ಇದು ವಿಷದ ವಸ್ತು. ತರುವುದು ಕಷ್ಟ, ಅರೆಯುವುದು ಅಪಾಯ.

ಆದರೆ ಬರೀ ಪುಡಿಯನ್ನು ಚಿನ್ನದ ಮೇಲೆ ಉದುರಿಸಿದರೆ ಅಂಟುವುದಿಲ್ಲ. ಅಂಟು ಬೇಕು. ಸಾವಿರ ವರ್ಷ ಮಣ್ಣಿನಲ್ಲಿದ್ದರೂ ಈ ಬಣ್ಣ ಬಿಟ್ಟುಹೋಗಿಲ್ಲ. ಹಾಗಾದರೆ ಆ ಅಂಟು ಯಾವುದು? 2021ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಶಿಮಾದ ಜೊತೆ ಸೇರಿ ಇದಕ್ಕೆ ಉತ್ತರ ಕೊಟ್ಟರು. ಬಣ್ಣದ ಒಂದು ಚೂರನ್ನು ತೆಗೆದುಕೊಂಡು ಅದರಲ್ಲಿರುವ ಪ್ರೋಟೀನ್‌ಗಳನ್ನು ಪತ್ತೆ ಹಚ್ಚಿದರು. ಮನುಷ್ಯರ ರಕ್ತದ ಪ್ರೋಟೀನ್‌ಗಳು ಸಿಕ್ಕವು. ಜೊತೆಗೆ ಹಕ್ಕಿಯ ಮೊಟ್ಟೆಯ ಬಿಳಿಯ ಪ್ರೋಟೀನ್‌ಗಳು.

ಇಲ್ಲಿ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಬಣ್ಣ ಅಂಟಿಸಲು ಮೊಟ್ಟೆ ಒಂದೇ ಸಾಕು. ಗೋಡೆ ಚಿತ್ರ ಬರೆಯುವವರು ಎಷ್ಟೋ ದೇಶಗಳಲ್ಲಿ ಮೊಟ್ಟೆ ಬಳಸಿದ್ದಾರೆ. ರಕ್ತ ಬೆರೆಸಿದ್ದು ಅಂಟಿಗಾಗಿ ಮಾತ್ರ ಅಲ್ಲ. ಆ ಸಮಾಧಿಯ ಜೋಡಣೆಯನ್ನು ಮತ್ತೆ ನೆನಪು ಮಾಡಿಕೊಳ್ಳಿ. ಹುಟ್ಟುವ ಮಗುವಿನ ಹಾಗೆ ತಲೆಕೆಳಗಾದ ದೇಹ. ಆ ದೇಹದ ಹೊಸ ಮುಖಕ್ಕೆ ನಿಜವಾದ ಮನುಷ್ಯರ ರಕ್ತ. ಸಂಶೋಧಕರೂ ಈ ಕೆಂಪನ್ನು ಜೀವಶಕ್ತಿಗೆ, ಮರುಹುಟ್ಟಿಗೆ ಜೋಡಿಸಿಯೇ ಮಾತಾಡುತ್ತಾರೆ. ಲೋಹದ ಬಗ್ಗೆ ಲೆಕ್ಟ್‌ಮನ್ ಹೇಳಿದ ಮಾತು ಬಣ್ಣಕ್ಕೂ ಹೊಂದುತ್ತದೆ ಅನ್ನುವುದು ನನ್ನ ಯೋಚನೆ. ಕೆಂಪು ಬಣ್ಣ ರಕ್ತದ ಹಾಗೆ ಕಂಡರೆ ಸಾಲದು, ಅದರೊಳಗೆ ರಕ್ತ ಇರಲೇಬೇಕು.

ಇದಕ್ಕೆ ಇನ್ನೊಂದು ಕಡೆಯಿಂದ ಒಂದು ಎಳೆ ಸಿಗುತ್ತದೆ. ಸ್ಪೇನ್‌ನಿಂದ ಬಂದ ಪಾದ್ರಿ ಮಿಗೆಲ್ ಕಬೆಯೋ ವಾಲ್ಬೋವಾ 1586ರಲ್ಲಿ ಲಂಬಾಯೆಕೆಯ ಒಂದು ಕತೆಯನ್ನು ಬರೆದಿಟ್ಟರು. ನಾಯ್ಲಾಂಪ್ ಅನ್ನುವ ಒಡೆಯ ತೆಪ್ಪಗಳ ಸಾಲಿನಲ್ಲಿ ಸಮುದ್ರದ ಕಡೆಯಿಂದ ಬಂದ. ಜೊತೆಗೆ ಹಸಿರು ಕಲ್ಲಿನ ದೇವರು. ಸೇವಕರ ದೊಡ್ಡ ಪರಿವಾರ. ಕತೆ ಹೇಳಿದವರು ಆ ಸೇವಕರ ಹೆಸರು ಮತ್ತು ಕೆಲಸಗಳನ್ನು ಮರೆತಿರಲಿಲ್ಲ. ಒಬ್ಬ ಶಂಖ ಊದುವವನು. ಒಬ್ಬ ಪಲ್ಲಕ್ಕಿ ನೋಡಿಕೊಳ್ಳುವವನು. ಒಬ್ಬ ಒಡೆಯ ನಡೆಯುವ ದಾರಿಗೆ ಚಿಪ್ಪಿನ ಪುಡಿ ಚೆಲ್ಲುವವನು. ಶಾಮ್ ಮುಚೆಕ್ ಅನ್ನುವವನ ಕೆಲಸ ಒಡೆಯನ ಮುಖಕ್ಕೆ ಹಚ್ಚುವ ಲೇಪ ಮತ್ತು ಬಣ್ಣ. ನೋಡಿ, ಮುಖಕ್ಕೆ ಬಣ್ಣ ಹಚ್ಚುವುದಕ್ಕೇ ಒಬ್ಬ ಅಧಿಕಾರಿ! ನಾಯ್ಲಾಂಪ್ ಸತ್ತಾಗ ಅವನ ಕಡೆಯವರು ಗುಟ್ಟಾಗಿ ಹೂತು, ಅವನಿಗೆ ರೆಕ್ಕೆ ಬಂದು ಹಾರಿಹೋದ ಅಂತ ಜನರಿಗೆ ಹೇಳಿದರಂತೆ. ಮುಖವಾಡದ ರೆಕ್ಕೆಯ ಹಾಗಿರುವ ಕಣ್ಣನ್ನು ಈ ಕತೆಗೆ ಜೋಡಿಸುವವರು ತುಂಬಾ ಜನ ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಕತೆ ಬರಹಕ್ಕೆ ಬಂದದ್ದು ಆ ಕಾಲಕ್ಕಿಂತ ನೂರಾರು ವರ್ಷ ಆದಮೇಲೆ. ಆದರೆ ಮುಖದ ಬಣ್ಣ ಅಲ್ಲಿ ಅಲಂಕಾರಕ್ಕಿಂತ ದೊಡ್ಡ ವಿಷಯವಾಗಿತ್ತು ಅನ್ನುವುದಕ್ಕೆ ಇಷ್ಟು ಸಾಕು.

ಸಿಕಾನ್‌ನ ವೈಭವ ಜಾಸ್ತಿ ದಿನ ಉಳಿಯಲಿಲ್ಲ. 11ನೇ ಶತಮಾನದಲ್ಲಿ ಉದ್ದನೆಯ ಬರ ಬಂತು. ಆಮೇಲೆ ಎಲ್ ನಿನ್ಯೋ, ಅಂದರೆ ಸಮುದ್ರ ಬಿಸಿಯಾಗಿ ಜೋರು ಮಳೆ ಸುರಿದು ಬರುವ ಪ್ರವಾಹ. ಗುಡಿಗಳಿಗೆ ಬೆಂಕಿ ಬಿತ್ತು. ಜನ ಪೋಮಾಕ್ ಬಿಟ್ಟು ತೂಕುಮೆ ಅನ್ನುವ ಜಾಗಕ್ಕೆ ಹೋದರು. ಅಷ್ಟು ದಿನ ಮಡಕೆಯಿಂದ ಹಿಡಿದು ಮುಖವಾಡದವರೆಗೆ ಎಲ್ಲ ಕಡೆ ಇದ್ದ ಆ ದೇವರ ಮುಖ ಕಲೆಯಿಂದ ಮರೆಯಾಯಿತು. ಸುಮಾರು 1375ರಲ್ಲಿ ಚಿಮೂ ರಾಜ್ಯ ಅವರನ್ನು ನುಂಗಿತು. ಚಿಮೂವನ್ನು ಇಂಕಾ ಗೆದ್ದಾಗ ಅಲ್ಲಿನ ಅಕ್ಕಸಾಲಿಗರನ್ನು ತಮ್ಮ ರಾಜಧಾನಿ ಕುಸ್ಕೋಗೆ ಕರೆದೊಯ್ದರು.

ನಂತರ ಬಂದದ್ದು ಸ್ಪೇನ್. ಕಹಮಾರ್ಕಾದಲ್ಲಿ ಸೆರೆಸಿಕ್ಕ ಇಂಕಾ ದೊರೆ ಅತಾವಾಲ್ಪನ ಬಿಡುಗಡೆಗಾಗಿ ಕೊಟ್ಟ ಸುಮಾರು 6 ಟನ್ ಚಿನ್ನವನ್ನು, ಅದರ ಎರಡರಷ್ಟು ಬೆಳ್ಳಿಯನ್ನು 1533ರಲ್ಲಿ ಕುಲುಮೆಗೆ ಹಾಕಿ ಗಟ್ಟಿ ಮಾಡಿದರು. ಆಮೇಲೆ ಸಮಾಧಿಗಳ ಸರದಿ. ವಸಾಹತು ಸರ್ಕಾರ ವಾಕಾಗಳನ್ನು ಗಣಿಗಳ ಹಾಗೆ ಕಂಡಿತು. ಪರವಾನಗಿ ತಗೊಂಡು ಅಗೆಯಬಹುದು, ಸಿಕ್ಕಿದ್ದರಲ್ಲಿ ಐದನೇ ಒಂದು ಪಾಲು ರಾಜನಿಗೆ. ಮೋಚೆಯವರ ಸೂರ್ಯನ ವಾಕಾವನ್ನು ಅಗೆಯುವುದು ಸಾಕಾಗದೆ, 17ನೇ ಶತಮಾನದ ಆರಂಭದಲ್ಲಿ ನದಿಯನ್ನೇ ತಿರುಗಿಸಿ ಅದರ ಮೇಲೆ ಹರಿಸಿದರು. ಇಟ್ಟಿಗೆ ಕೊಚ್ಚಿಹೋಯಿತು, ಪಿರಮಿಡ್‌ನ ದೊಡ್ಡ ಭಾಗ ಹೋಯಿತು.

20ನೇ ಶತಮಾನದಲ್ಲಿ ಬಟಾನ್ ಗ್ರಾಂಡೆಯಲ್ಲಿ ವಾಕೆರೋಗಳು, ಅಂದರೆ ಸಮಾಧಿ ಅಗೆದು ಮಾರುವವರು, ದಶಕಗಳ ಕಾಲ ಅಗೆದರು. ಬುಲ್‌ಡೋಜರ್ ಕೂಡ ಬಂತು. ಜಗತ್ತಿನ ಮ್ಯೂಸಿಯಂಗಳಲ್ಲಿರುವ ಪೆರುವಿನ ಪ್ರಾಚೀನ ಚಿನ್ನದ ವಸ್ತುಗಳಲ್ಲಿ ದೊಡ್ಡ ಪಾಲು ಅಲ್ಲಿಂದ ಹೋದದ್ದು. ಅವುಗಳ ಜೊತೆ ಯಾರಿದ್ದರು, ತಲೆ ಯಾವ ಕಡೆಗಿತ್ತು, ಪಕ್ಕದಲ್ಲಿ ಯಾವ ಹೆಂಗಸಿದ್ದಳು, ಯಾವುದೂ ದಾಖಲಾಗಲಿಲ್ಲ. ವಾಕಾ ಲೋರೋದ ಮುಖವಾಡವನ್ನು ವಾಕೆರೋಗಳು ತೆಗೆದಿದ್ದರೆ ನಾನು ಇವತ್ತು ಹೇಳಿದ ಹೆರಿಗೆಯ ಕತೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಅದಕ್ಕಿಂತ ನೋವಿನ ವಿಷಯ ಒಂದಿದೆ. ಮಾರುವವರಿಗೂ ಕೊಳ್ಳುವವರಿಗೂ ಬೇಕಾಗಿದ್ದದ್ದು ಚಿನ್ನದ ಹೊಳಪು. ಹಾಗಾಗಿ ಎಷ್ಟೋ ಮುಖವಾಡಗಳ ಕೆಂಪನ್ನು ಕೊಳೆ ಅನ್ನುವ ಹಾಗೆ ಉಜ್ಜಿ ತೆಗೆದರು. ಇಂಗಳೀಕ, ರಕ್ತ, ಮೊಟ್ಟೆ, ಎಲ್ಲ ಹೋಯಿತು. ಹೊಳೆಯುವ ಹಳದಿ ಮುಖವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಇದೇ ಸಿಕಾನ್ ಅಂತ ತೋರಿಸಿದರು. ಅದನ್ನು ಮಾಡಿದವರು ಆ ರೂಪದಲ್ಲಿ ಅದನ್ನು ಸಮಾಧಿಗೆ ಇಳಿಸಿರಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಅರ್ಧ ಮುಖವಾಡ.

ಕಳ್ಳತನವೂ ನಿಂತಿಲ್ಲ. ಬಟಾನ್ ಗ್ರಾಂಡೆಯಲ್ಲಿ 1930ರ ದಶಕದಲ್ಲಿ ಸಿಕ್ಕ, ಇಯಿಮೋ ತೂಮಿ ಅಂತ ಹೆಸರಾದ ಚಿನ್ನದ ಕತ್ತಿ ಪೆರುವಿನ ಗುರುತೇ ಆಗಿತ್ತು. ಅದರ ಹಿಡಿಯಲ್ಲಿದ್ದದ್ದೂ ಇದೇ ರೆಕ್ಕೆಗಣ್ಣಿನ ಮುಖ. 1981ರಲ್ಲಿ ಲಿಮಾದ ಮ್ಯೂಸಿಯಂನಿಂದ ಅದನ್ನು ಕದ್ದರು. ಕತ್ತರಿಸಿ ಕರಗಿಸಿದರು. ಒಳ್ಳೆಯ ಸುದ್ದಿಯೂ ಇದೆ. 1999ರಲ್ಲಿ ಜರ್ಮನಿಯಲ್ಲಿ ಜಪ್ತಿಯಾದ ಒಂದು ಸಿಕಾನ್ ಮುಖವಾಡ ಉದ್ದನೆಯ ಕಾನೂನು ಹೋರಾಟದ ನಂತರ 2016ರಲ್ಲಿ ಪೆರುವಿಗೆ ವಾಪಸ್ ಬಂತು.

ಸಭೆಯಿಂದ ಒಂದು ಪ್ರಶ್ನೆ ಬಂದಿದೆ. ಇವನ್ನೆಲ್ಲ ಎಲ್ಲಿ ನೋಡಬಹುದು, ನೋಡುವಾಗ ಏನು ಗಮನಿಸಬೇಕು ಅಂತ. ವಾಕಾ ಲೋರೋದ ಸಮಾಧಿಯನ್ನು ಇದ್ದ ಹಾಗೇ ಜೋಡಿಸಿ ತೋರಿಸುವುದು ಫೆರೆನ್ಯಾಫೆಯ ಸಿಕಾನ್ ರಾಷ್ಟ್ರೀಯ ಮ್ಯೂಸಿಯಂ. 2001ರಲ್ಲಿ ತೆರೆಯಿತು. ಅಲ್ಲಿಗೆ ಹೋದವರು ಹತ್ತಿರದ ಲಂಬಾಯೆಕೆ ಊರಿನಲ್ಲಿರುವ ಸಿಪಾನ್ ರಾಜಸಮಾಧಿಗಳ ಮ್ಯೂಸಿಯಂ ಬಿಡಬೇಡಿ. ನಮ್ಮವರು ಬಹಳಷ್ಟು ಜನ ಅಮೆರಿಕದಲ್ಲಿದ್ದಾರೆ. ಅವರಿಗೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಹತ್ತಿರ, ಅಲ್ಲಿರುವ ಮುಖವಾಡದಲ್ಲಿ ಕೆಂಪು ಇನ್ನೂ ಚೆನ್ನಾಗಿ ಉಳಿದಿದೆ. ಮುಂದೆ ನಿಂತಾಗ ಮೊದಲು ಮೂಗಿನ ಪಕ್ಕದ ಸಂದು, ಕಿವಿಯ ಮಡಿಕೆ, ಕಣ್ಣಿನ ಅಂಚು ನೋಡಿ. ಉಜ್ಜಿದವರ ಕೈ ಅಲ್ಲಿಗೆ ಪೂರ್ತಿ ಹೋಗಿರುವುದಿಲ್ಲ, ಕೆಂಪಿನ ಚೂರು ಸಿಗಬಹುದು. ಬದಿಯ ತೂತುಗಳನ್ನು ನೋಡಿ, ಬಟ್ಟೆ ಸುತ್ತಿದ ದೇಹಕ್ಕೆ ಕಟ್ಟಿದ್ದು ಅಲ್ಲಿಂದ. ಮೂಗನ್ನು ಬೇರೆ ತಗಡಿನಲ್ಲಿ ಮಾಡಿ ಹೇಗೆ ಸೇರಿಸಿದ್ದಾರೆ ಅಂತ ನೋಡಿ. ಆಮೇಲೆ ಕೆಳಗಿನ ಫಲಕ ಓದಿ. ಯಾವ ಸಮಾಧಿಯಿಂದ, ಯಾವ ವರ್ಷ, ಯಾರು ಅಗೆದರು ಅಂತ ಬರೆದಿದೆಯಾ? ಬರೆದಿಲ್ಲದಿದ್ದರೆ ಅಲ್ಲಿರುವವರನ್ನು ಕೇಳಿ. ಎಲ್ಲರೂ ಕೇಳಲು ಶುರು ಮಾಡಿದಾಗಲೇ ಮ್ಯೂಸಿಯಂಗಳು ಆ ದಾಖಲೆ ಹುಡುಕಿ ಹೊರಗಿಡುವುದು.